ಬಸಿಯ ಚಹಾ, ಗರಡಿಯ ಪಟ್ಟು

ಮಿಶನರಿ ಸೇವೆ ಮುಗಿಸಿ ಬಂದವರನ್ನು ಜನ ಕೇಳುವುದು ದೇವರ ಬಗ್ಗೆ. ನನಗೆ ಮೊದಲು ನೆನಪಾಗುವುದು ಏಟುಗಳು. ಯಾವ ಏಟು ಎಲ್ಲಿ ಬಿತ್ತು, ಯಾವುದು ಬೂಟಿನದು, ಯಾವುದು ಸಲಿಕೆಯ ಹಿಡಿಯದು ಎಂದು ಇವತ್ತೂ ಬೆನ್ನು ಮುಟ್ಟಿಕೊಂಡು ಹೇಳಬಲ್ಲೆ. ದೇವರ ಮಾತು ಆಮೇಲೆ ಬರುತ್ತದೆ. ನನ್ನ ಮಟ್ಟಿಗಂತೂ ಅವನು ಬಂದದ್ದು ಅದೇ ಸರದಿಯಲ್ಲಿ.

ನಾನು ಬೆಳಗಾವಿ ಕಡೆಯವನು. ನಮ್ಮ ಓಣಿ ಊರಿಗೆ ಅಂಟಿಕೊಂಡಿದೆ, ಆದರೆ ಊರಿನೊಳಗಿಲ್ಲ. ನಮ್ಮ ಕಡೆಯವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. ಊರ ಗರಡಿಮನೆಯಲ್ಲಿ ನಮ್ಮವರಿಗೆ ಮಣ್ಣು ಮುಟ್ಟಗೊಡುತ್ತಿರಲಿಲ್ಲವೆಂದು ನಮ್ಮಪ್ಪ ಓಣಿಯಲ್ಲೇ ತಗಡು ಹೊದಿಸಿ ಒಂದು ಗರಡಿ ಕಟ್ಟಿದ. ಓಣಿಗೆಲ್ಲ ಅವನೇ ವಸ್ತಾದ, ಅಂದರೆ ಕುಸ್ತಿಯ ಗುರು. ನಾನು ನಡೆಯುವುದನ್ನು ಕಲಿತದ್ದೇ ಆ ಕೆಂಪು ಮಣ್ಣಿನಲ್ಲಿ ಎಂದು ಅವ್ವ ಹೇಳುತ್ತಿದ್ದಳು. ನಡೆಯುವುದಕ್ಕಿಂತ ಮೊದಲು ಬೀಳುವುದನ್ನು ಕಲಿತೆ ಎಂದು ಅಪ್ಪ ಅದನ್ನು ತಿದ್ದುತ್ತಿದ್ದ.

ಅಪ್ಪ ಎಲ್ಲಕ್ಕಿಂತ ಮೊದಲು ಕಲಿಸಿದ್ದು ಗೆಲ್ಲುವ ಪಟ್ಟನ್ನಲ್ಲ. ಕೆಳಗೆ ಬಿದ್ದ ಪೈಲ್ವಾನ ಬೋರಲಾಗಬೇಕು, ಮೊಣಕೈ ಪಕ್ಕೆಗೆ ಒತ್ತಬೇಕು, ಕಾಲು ಅಗಲಿಸಿ ಮಣ್ಣಿಗೆ ಕಚ್ಚಿಕೊಳ್ಳಬೇಕು. ಮೇಲಿನವನು ಕುತ್ತಿಗೆ ಉಜ್ಜಲಿ, ಲಂಗೋಟಿ ಹಿಡಿದು ಎತ್ತಲಿ, ಏಳಬಾರದು. ಬೆನ್ನು ಮಣ್ಣಿಗೆ ತಾಗಿ ಅಂಗಾತ ಆಗುವ ತನಕ ಯಾರೂ ಸೋತಿಲ್ಲ. ಇದು ಹೇಡಿಗಳ ಪಟ್ಟು ಎಂದು ನಾನು ಆಗ ತಿಳಿದಿದ್ದೆ. ನನಗೆ ಎದ್ದು ನಿಂತು ಹೊಡೆಯುವುದೇ ಇಷ್ಟವಿತ್ತು.

ಹೊಡೆದೆ ಕೂಡ. ಊರ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಎಲ್ಲರಿಗೂ ಕಪ್ಪು-ಬಸಿ, ನಮ್ಮ ಓಣಿಯವರಿಗೆ ಮಾತ್ರ ಕಾಗದದ ಕಪ್ಪು. ಕುಡಿದು ಎಸೆಯುವುದು, ಚೊಕ್ಕ ಇರುತ್ತದೆ, ಎಂದು ಅಂಗಡಿಯವನು ಹಲ್ಲು ಕಿರಿಯುತ್ತಿದ್ದ. ಒಂದು ದಿನ ಜಿಲ್ಲಾ ಕುಸ್ತಿ ಗೆದ್ದು ಬಂದ ಖುಷಿಯಲ್ಲಿ ಅಪ್ಪನನ್ನು ಅಲ್ಲಿಗೆ ಕರೆದುಕೊಂಡು ಹೋದೆ. ಅಪ್ಪನ ಮುಂದೆಯೂ ಅದೇ ಕಾಗದದ ಕಪ್ಪು ಬಂತು. ಅಪ್ಪ ಸುಮ್ಮನೆ ಕುಡಿದ. ನಾನು ಸುಮ್ಮನಿರಲಿಲ್ಲ. ಅಂಗಡಿಯವನ ದವಡೆ ಎರಡು ಕಡೆ ಮುರಿಯಿತು, ಮುರಿದ ಸದ್ದು ನನ್ನ ಗೆಣ್ಣಿನೊಳಗೆ ಕೇಳಿಸಿತು. ಅದಕ್ಕಾಗಿ ನಾನು ಪಶ್ಚಾತ್ತಾಪ ಪಡಬೇಕೆಂದು ಆಮೇಲೆ ಬಹಳ ಮಂದಿ ಹೇಳಿದರು. ಪ್ರಯತ್ನ ಮಾಡಿದ್ದೇನೆ, ಇನ್ನೂ ಪೂರ್ತಿ ಬಂದಿಲ್ಲ.

ಹಿರಿಯರು ನಡುವೆ ಬಿದ್ದು ಪ್ರಕರಣ ಮುಚ್ಚಿಸಿದರು. ಆದರೆ ಅಂಗಡಿಯವನ ತಮ್ಮಂದಿರು ಮುಚ್ಚಲಿಲ್ಲ, ನನ್ನ ದಾರಿ ಕಾಯುತ್ತಿದ್ದರು. ಅವ್ವ ಬೆಂಗಳೂರಿನ ತಂಗಿಯ ಕಡೆಯಿಂದ ಮಾರ್ಮನ್ ಎಂಬ ಕ್ರೈಸ್ತ ಸಭೆಗೆ ಸೇರಿ ಆಗಲೇ ಕೆಲವು ವರ್ಷಗಳಾಗಿದ್ದವು. ನನಗೂ ದೀಕ್ಷಾಸ್ನಾನ ಮಾಡಿಸಿದ್ದಳು. ನಾನು ನೀರಿನೊಳಗೆ ಹೋಗಿ ಒದ್ದೆಯಾಗಿ ಬಂದಿದ್ದೆ, ಅಷ್ಟೆ. ಅವ್ವ ನನ್ನ ಎರಡೂ ಕೈ ಹಿಡಿದುಕೊಂಡು, “ಇವನ್ನ ದೇವರಿಗೆ ಕೊಡ್ತಿಯೋ ಪೊಲೀಸರಿಗೆ ಕೊಡ್ತಿಯೋ, ನೀನ ನೋಡು” ಅಂದಳು. ಹಾಗೆ ನಾನು ದೇವರ ಸೇವಕನಾದೆ. ಅಪ್ಪ ಬೀಳ್ಕೊಡಲೂ ಬರಲಿಲ್ಲ. ಮಣ್ಣು ಬಿಟ್ಟು ಕೊರಳಿಗೆ ಟೈ ಕಟ್ಟಿಕೊಂಡ ಮಗನ ಜೊತೆ ಅವನಿಗೆ ಮಾತಿರಲಿಲ್ಲ.

ಮಿಶನ್ನಿನ ಬದುಕು ಹೀಗಿರುತ್ತದೆ: ಬಿಳಿ ಅಂಗಿ, ಕಪ್ಪು ಪ್ಯಾಂಟು, ಟೈ. ಗಡ್ಡ ಬಾರದ ಹುಡುಗರಿಗೂ ಎಲ್ಡರ್ ಎನ್ನಬೇಕು, ಅಂದರೆ ಹಿರಿಯ. ಕರೆದವರ ಮನೆಗೆ ಮಾತ್ರ ಹೋಗಬೇಕು, ಬೀದಿಯಲ್ಲಿ ಸಾರಬಾರದು. ಸಿನಿಮಾ ಇಲ್ಲ, ಹುಡುಗಿಯರಿಲ್ಲ. ಬೀಡಿ, ಹೆಂಡದ ಜೊತೆಗೆ ಚಹಾ, ಕಾಫಿಯೂ ಇಲ್ಲ. ಊರಿಗೆ ವಾರಕ್ಕೊಂದು ಫೋನು. ಎಲ್ಲಕ್ಕಿಂತ ದೊಡ್ಡ ನಿಯಮ ಜೊತೆಗಾರನದು. ಮಿಶನ್ ಯಾರನ್ನು ಕೊಡುತ್ತದೋ ಅವನ ಜೊತೆಯೇ ಏಳಬೇಕು, ಉಣ್ಣಬೇಕು, ನಡೆಯಬೇಕು. ಅವನು ಸದಾ ಕಣ್ಣಿಗೆ ಕಾಣುತ್ತಿರಬೇಕು, ಕೂಗಿದರೆ ಕೇಳುವಷ್ಟು ಹತ್ತಿರ ಇರಬೇಕು. ಲಗ್ನವಾದವರೂ ಇಷ್ಟು ಕಟ್ಟುನಿಟ್ಟಾಗಿ ಬಾಳುವುದಿಲ್ಲ.

ನಾಸಿಕದಲ್ಲಿ ನನಗೆ ಸಿಕ್ಕ ಜೊತೆಗಾರ ಆಂಧ್ರದ ಕಡಲತೀರದ ಹುಡುಗ, ಮೀನುಗಾರರ ಮನೆಯವನು. ಕನ್ನಡ ಬಾರದು, ಮರಾಠಿ ಬಾರದು, ಹಿಂದಿಯನ್ನೂ ಪುಸ್ತಕ ಓದಿದಂತೆ ಆಡುತ್ತಿದ್ದ. ನನ್ನ ತೊಡೆಯಷ್ಟು ಅವನ ಸೊಂಟ. ಗಳಿಗೆಗೊಮ್ಮೆ ಕರವಸ್ತ್ರ ತೆಗೆದು ಕೈ ಒರೆಸಿಕೊಳ್ಳುವ ಚಟ. ನಿಯಮವೆಂದರೆ ಪ್ರಾಣ. ನಾನು ಹಾಸಿಗೆಯಿಂದ ತಡವಾಗಿ ಎದ್ದರೆ ತಲೆದೆಸೆಯಲ್ಲಿ ನಿಂತು ಭಜನೆಯಂತೆ ಕೀರ್ತನೆ ಹಾಡುತ್ತಿದ್ದ. ಅವನನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಾವು ಒಮ್ಮೆ ಇಗತಪುರಿಯ ಒಬ್ಬ ರೈಲ್ವೆ ನೌಕರರ ಮನೆಗೆ ಹೋಗಿ ಪ್ಯಾಸೆಂಜರ್ ರೈಲಿನ ಡಬ್ಬಿಯಲ್ಲಿ ವಾಪಸು ಬರುತ್ತಿದ್ದೆವು. ಹೊರಗೆ ಮಳೆ ಜಡಿದು ಹೊಡೆಯುತ್ತಿತ್ತು, ಡಬ್ಬಿಯಲ್ಲಿ ಕಾಲಿಡಲು ಜಾಗವಿಲ್ಲ. ಬಾಗಿಲ ಬಳಿ ನಿಂತಿದ್ದ ಒಬ್ಬ ಧಡಿಯ ನನ್ನ ಜೊತೆಗಾರನ ಟೈ ಹಿಡಿದು ಎಮ್ಮೆಯ ಹಗ್ಗದಂತೆ ಎಳೆದು ನಕ್ಕ. ಹುಡುಗನ ಮುಖ ಕಪ್ಪಿಟ್ಟಿತು, ಉಸಿರು ಸಿಕ್ಕಿಕೊಂಡಿತು. ನಾನು ಆ ಧಡಿಯನ ಮಣಿಕಟ್ಟು ಹಿಡಿದು ತಿರುವಿದೆ. ಅವನು ಕಿರುಚಿ ಮಂಡಿಯೂರಿದ. ಇನ್ನಷ್ಟು ತಿರುವಿದೆ. ಬೇಕಾಗಿರಲಿಲ್ಲ, ಆದರೂ ತಿರುವಿದೆ, ಏಕೆಂದರೆ ಎಷ್ಟೋ ತಿಂಗಳಾಗಿತ್ತು ಕೈಗೆ ಕೆಲಸ ಸಿಕ್ಕು. ಬಿಡಿಸಿದ್ದು ನನ್ನ ಜೊತೆಗಾರನೇ.

ಅವನು ಕೃತಜ್ಞತೆ ಹೇಳುತ್ತಾನೆಂದು ಕಾದೆ. ಅವನು ಮಿಶನ್ ಅಧ್ಯಕ್ಷರಿಗೆ ಫೋನ್ ಮಾಡಿ ಎಲ್ಲ ಹೇಳಿದ. ನಮ್ಮ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ ನಾನು ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದೆ. ಕುಕ್ಕರು ಉರುಳಿ ಅನ್ನವೆಲ್ಲ ನೆಲದ ಪಾಲಾಯಿತು. ಅವನು ಕಣ್ಣು ಮುಚ್ಚಿಕೊಂಡು, ಹಿಂದಿಯಲ್ಲಿ, “ಹೊಡಿ ಎಲ್ಡರ್. ಆದರೆ ಇದನ್ನೂ ನಾನು ಹೇಳಬೇಕಾಗುತ್ತದೆ” ಅಂದ. ಗಡಗಡ ನಡುಗುತ್ತಿದ್ದ, ಮಾತು ಮಾತ್ರ ನಡುಗಲಿಲ್ಲ. ನಾನು ಕೈ ಬಿಟ್ಟೆ. ಇಬ್ಬರೂ ಕೂತು ನೆಲದ ಅನ್ನ ಬಳಿದೆವು.

ಅಧ್ಯಕ್ಷರು ನನ್ನನ್ನು ಬೈಯಲಿಲ್ಲ. ಇನ್ನೊಮ್ಮೆ ಯಾರ ಮೇಲಾದರೂ ಕೈ ಎತ್ತಿದರೆ ಮನೆಗೆ ಕಳಿಸುತ್ತೇನೆ ಎಂದು ಮೆಲ್ಲಗೆ ಹೇಳಿದರು. ಮನೆಗೆ ಹೋಗುವುದೆಂದರೆ ನನಗೇನೆಂದು ಅವರಿಗೆ ಗೊತ್ತಿತ್ತೋ ಇಲ್ಲವೋ. ಬಸ್‌ಸ್ಟ್ಯಾಂಡಿನಲ್ಲಿ ಆ ತಮ್ಮಂದಿರು ಕಾಯುತ್ತಿದ್ದರು. ಅವರು ಒಬ್ಬನನ್ನು ಹೊಡೆದರೆ ನಾನು ಇಬ್ಬರನ್ನು ಹೊಡೆಯುತ್ತಿದ್ದೆ, ಓಣಿಗೆ ಬೆಂಕಿ ಬೀಳುತ್ತಿತ್ತು. ಅವ್ವ ಪ್ರತಿ ವಾರ ಫೋನಿನಲ್ಲಿ ಊಟವಾಯಿತೇ ಎಂದು ಕೇಳುವ ಮೊದಲೇ, “ಈ ವಾರ ಯಾರನ್ನರ ಹೊಡದಿಯೇನೋ?” ಎಂದು ಕೇಳುತ್ತಿದ್ದಳು. ಇಲ್ಲ ಅಂದರೆ ನಿಟ್ಟುಸಿರು ಬಿಡುತ್ತಿದ್ದಳು. ಆ ನಿಟ್ಟುಸಿರಿಗಾಗಿ ನಾನು ಕೈ ಕಟ್ಟಿಕೊಂಡಿದ್ದೆನೇ ಹೊರತು ದೇವರಿಗಾಗಿ ಅಲ್ಲ. ದಿನಾ ಮಂಡಿಯೂರಿ ಪ್ರಾರ್ಥಿಸುತ್ತಿದ್ದೆ, ಯಾರೋ ಕೇಳುತ್ತಿದ್ದಾರೆ ಅನ್ನಿಸುತ್ತಿರಲಿಲ್ಲ.

ಸಾಮಾನ್ಯವಾಗಿ ಜೊತೆಗಾರರನ್ನು ಕೆಲವೇ ತಿಂಗಳಲ್ಲಿ ಅಗಲಿಸುತ್ತಾರೆ. ನಮ್ಮಿಬ್ಬರನ್ನು ಮಾತ್ರ ಒಟ್ಟಿಗೇ ಸಂಭಾಜಿನಗರಕ್ಕೆ, ಅಂದರೆ ಹಿಂದಿನ ಔರಂಗಾಬಾದಿಗೆ ಹಾಕಿದರು. ಇದು ಶಿಕ್ಷೆ ಎಂದು ನಾನು ತಿಳಿದೆ, ಅವನೂ ಹಾಗೇ ತಿಳಿದಿರಬೇಕು.

ಅಲ್ಲಿನ ಬಸ್ ನಿಲ್ದಾಣದಲ್ಲಿ ‘ಕನ್ನಡ’ ಎಂದು ಬೋರ್ಡು ಹೊತ್ತ ಬಸ್ಸು ನಿಲ್ಲುತ್ತದೆ. ಅದು ಹತ್ತಿರದ ಒಂದು ತಾಲೂಕು ಊರು, ಅಲ್ಲಿ ಯಾರಿಗೂ ಕನ್ನಡ ಬಾರದು. ಆದರೂ ಊರಿಗೆ ಫೋನ್ ಮಾಡುವ ದಿನ ನಾನು ಹೋಗಿ ಆ ಬೋರ್ಡಿನ ಕೆಳಗೇ ನಿಲ್ಲುತ್ತಿದ್ದೆ. ಹಾಗೆ ನಿಂತು ಅವ್ವನ ಜೊತೆ ಮಾತಾಡಿ ಮುಗಿಸಿದಾಗ ಹಿಂದಿನಿಂದ ಒಬ್ಬರು, “ನೀವು ನಮ್ಮ ಕಡ್ಯಾವ್ರೇನ್ರಿ?” ಅಂದರು. ಸಿಮೆಂಟು ಮೆತ್ತಿದ ಕೈ, ನನಗಿಂತ ಐದಾರು ವರ್ಷ ದೊಡ್ಡ ವಯಸ್ಸು. ಯಾದಗಿರಿ ಕಡೆಯಿಂದ ಬಂದು ಶೇಂದ್ರಾದಲ್ಲಿ ಕಾರ್ಖಾನೆ ಕಟ್ಟಡಗಳ ಕೆಲಸ ಮಾಡುತ್ತಿದ್ದ ಗವಂಡಿ. ಹೆಂಡತಿ ಬಸುರಿ, ಹಿಂದಿನ ಕೂಸು ಹುಟ್ಟಿದ ವಾರದಲ್ಲೇ ತೀರಿಕೊಂಡಿತ್ತು. ನಾವು ಯಾರೆಂದು ಹೇಳಿದ ಮೇಲೆ, “ಯಾವ ದೇವ್ರಾದ್ರೂ ಆಗ್ಲಿರಿ ಅಣ್ಣಾರ, ನಮ್ಮ ಶೆಡ್ಡಿಗಿ ಬಂದು ನಮ್ಮಾಕಿ ಸಲುವಾಗಿ ಒಂದು ಪ್ರಾರ್ಥನಾ ಮಾಡ್ರಿ” ಅಂದರು.

ಹೋದೆವು. ತಗಡಿನ ಶೆಡ್ಡುಗಳ ಸಾಲು, ಮುಂದೆ ಸಲಿಕೆ, ಬುಟ್ಟಿ, ಒಡೆದ ಇಟ್ಟಿಗೆ. ಗವಂಡಿಯ ಹೆಂಡತಿ ಚಹಾಕ್ಕೆ ಇಟ್ಟಾಗ ನಮ್ಮ ಧರ್ಮದಲ್ಲಿ ಚಹಾ ಕುಡಿಯುವಂತಿಲ್ಲ, ನೀರು ಕೊಡಿ ಎಂದು ನಾನು ವಿವರಿಸಿದೆ. ಗಂಡಹೆಂಡಿರು ಮುಖ ಮುಖ ನೋಡಿಕೊಂಡರು. ಆ ನೋಟ ನನಗೆ ಹೊಸದಲ್ಲ, ಅವರೂ ನಮ್ಮಂಥ ಓಣಿಯವರೇ. ನಾನು ಕೂಡಲೇ ಅವರ ಚರಿಗೆ ಎತ್ತಿ ಕಚ್ಚಿ ಕುಡಿದೆ, ಜೊತೆಗಾರನಿಗೂ ಕಣ್ಣು ಬಿಟ್ಟು ಕುಡಿಸಿದೆ. ಮುಂದೆ ನಾವು ಹೋದಾಗಲೆಲ್ಲ ಆಕೆ ಬೆಲ್ಲದ ನೀರು ಮಾಡಿ ಇಡುತ್ತಿದ್ದಳು. ಕೂಸು ಹುಟ್ಟಿತು, ಗಟ್ಟಿಮುಟ್ಟಾಗಿ ಉಳಿಯಿತು. ತೊಟ್ಟಿಲು ಹಾಕುವ ದಿನ ನಮ್ಮನ್ನೂ ಕರೆದರು.

ಅವತ್ತು ಊರಿನಿಂದ ಬೀಗರು ಬಂದಿದ್ದರು. ಅಕ್ಕಪಕ್ಕದ ಶೆಡ್ಡಿನ ಗಂಡಸರೂ ಸೇರಿದ್ದರು, ಕೆಲವರು ಹೊತ್ತೇರುವ ಮೊದಲೇ ಕುಡಿದಿದ್ದರು. ಗವಂಡಿ ಬಾಡಿಗೆ ಕುರ್ಚಿ ತರಲು ಹೋಗಿದ್ದರು, ಹೆಂಡತಿ ಒಳಗೆ ಕೂಸಿಗೆ ಹಾಲೂಡಿಸುತ್ತಿದ್ದಳು. ಅಷ್ಟರಲ್ಲಿ ನೀರಿನ ಟ್ಯಾಂಕರ್ ಬಂತು. ಡ್ರಮ್ಮು ತುಂಬಿ ಎತ್ತಿಕೊಡಲು ನಾನೇ ಹೋದೆ. ಜೊತೆಗಾರ ಅಂಗಳದಲ್ಲಿ ಹಿರಿಯರ ನಡುವೆ ಕೂತಿದ್ದ. ನನಗೆ ಅವನು ಕಾಣುತ್ತಿದ್ದ, ಆದರೆ ಟ್ಯಾಂಕರಿನ ಸದ್ದಿನಲ್ಲಿ ಅವನ ಮಾತು ಕೇಳುತ್ತಿರಲಿಲ್ಲ.

ಅವನ ಪಕ್ಕ ಕೂತಿದ್ದದ್ದು ಗವಂಡಿಯ ಹೆಂಡತಿಯ ಅಪ್ಪ, ಬಿಳಿ ಮೀಸೆಯ ಮುದುಕ. ಮುದುಕ ತನ್ನ ಕಪ್ಪಿನ ಚಹಾ ಬಸಿಗೆ ಸುರಿದು, ಊದಿ ಆರಿಸಿ, ಎರಡು ಕೈಯಲ್ಲಿ ಹಿಡಿದು ಹುಡುಗನಿಗೆ ಕೊಟ್ಟ. ನಮ್ಮ ಕಡೆ ತನ್ನ ಬಸಿಯನ್ನು ಹಾಗೆ ಕೊಡುವುದೆಂದರೆ ನೀನು ನಮ್ಮ ಮನೆಯವನು ಎಂದು ಹೇಳಿದಂತೆ. ಹುಡುಗ ನಿಯಮದವನು. ನಗುತ್ತ ತಲೆ ಅಲ್ಲಾಡಿಸಿದ. ಮುದುಕ ಮತ್ತೆ ಒತ್ತಾಯ ಮಾಡಿದ. ಹುಡುಗ ಅಂಗೈ ಅಡ್ಡ ತಂದ. ಬಸಿ ತುಳುಕಿ ಚಹಾ ಅವನ ಬೆರಳ ಮೇಲೆ ಚೆಲ್ಲಿತು. ಅವನು ಕರವಸ್ತ್ರ ತೆಗೆದ. ಒಂದೊಂದೇ ಬೆರಳನ್ನು ನೀಟಾಗಿ ಒರೆಸಿಕೊಂಡ.

ಅಂಗಳ ಸ್ತಬ್ಧವಾದದ್ದನ್ನು ನಾನು ದೂರದಿಂದ ಕಂಡೆ. ಒರೆಸಿಕೊಂಡ ಆ ಕೈ ಆ ಜನಕ್ಕೆ ಹೇಗೆ ಕಂಡಿತೆಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಡ್ರಮ್ಮು ಕೈಬಿಟ್ಟು ಓಡಿದೆ. ನಾನು ತಲುಪುವ ಮೊದಲೇ ಮುದುಕನ ಮಗ ಹುಡುಗನ ಕೆನ್ನೆಗೆ ಬಾರಿಸಿದ್ದ. “ನಮ್ಮ ಬಸಿ ಮುಟ್ಟಿದ್ರ ಮೈಲಿಗಿ ಆಗ್ತದೇನಲೇ ನಿನಗ?” ಎಂದು ಅವನು ಚೀರುತ್ತಿದ್ದ. ಹುಡುಗನಿಗೆ ಒಂದಕ್ಷರ ತಿಳಿಯಲಿಲ್ಲ. ಮೂಗಿನಿಂದ ರಕ್ತ ಸುರಿದು ಬಿಳಿ ಅಂಗಿಗೆ ಇಳಿಯುತ್ತಿದ್ದಂತೆ ಎರಡನೆಯ ಏಟು ಬಿತ್ತು, ಅವನು ಕುರ್ಚಿಯ ಸಮೇತ ಹಿಂದಕ್ಕೆ ಉರುಳಿದ. ಯಾರೋ ಹೊಟ್ಟೆಗೆ ಒದ್ದರು. ಯಾರೋ ಸಲಿಕೆ ಎತ್ತಿಕೊಂಡರು.

ನನ್ನ ಮುಂದೆ ಇದ್ದವರನ್ನು ನಾನು ಅಳೆದೆ. ಅದು ಅಭ್ಯಾಸಬಲ, ಬಿಡುವುದಿಲ್ಲ. ಮುದುಕನ ಮಗನ ಕಾಲು ಸಡಿಲವಿತ್ತು, ಕತ್ತರಿ ಹಾಕಿದರೆ ಬೀಳುತ್ತಿದ್ದ. ಸಲಿಕೆಯವನು ಕುಡಿದಿದ್ದ. ಮೂವರನ್ನು ಮಲಗಿಸಿದರೆ ಉಳಿದವರು ಹಿಂಜರಿಯುತ್ತಾರೆ. ಮುಷ್ಟಿ ತಾನಾಗಿ ಬಿಗಿಯಿತು. ಅದೇ ಕ್ಷಣ ಆ ಮಗನ ಮುಖ ನೋಡಿದೆ. ಅವನ ಕಣ್ಣಲ್ಲಿ ನೀರಿತ್ತು. ಅಪ್ಪನ ಮುಂದೆ ಕಾಗದದ ಕಪ್ಪು ಬಂದ ದಿನ ನನ್ನ ಮುಖವೂ ಹೀಗೇ ಇದ್ದಿರಬೇಕು. ಈ ಬಿಳಿ ಅಂಗಿ ನನ್ನ ಮೈಮೇಲೆ ಇಲ್ಲದಿದ್ದರೆ ನಾನೂ ಅವನ ಪಕ್ಕದಲ್ಲೇ ನಿಂತು ಒದೆಯುತ್ತಿದ್ದೆ. ಯಾರನ್ನು ಹೊಡೆಯಲಿ?

ಹುಡುಗನ ಮೇಲೆ ಬೋರಲು ಬಿದ್ದೆ. ಮೊಣಕೈ ಪಕ್ಕೆಗೆ, ಕಾಲು ಅಗಲ, ತಲೆ ತಗ್ಗಿಸಿ, ಅಪ್ಪ ಕಲಿಸಿದ ಹಾಗೆ. ಅವನು ಪೂರ್ತಿ ನನ್ನ ಅಡಿಯಾದ. ಬೆನ್ನಿನ ಮೇಲೆ ಏಟು ಬೀಳತೊಡಗಿತು. ಬೂಟು ಪಕ್ಕೆಗೆ ಬಿತ್ತು, ಸಲಿಕೆಯ ಹಿಡಿ ಹೆಗಲಿಗೆ ಬಿತ್ತು, ಕಿವಿ ಹರಿದು ಬಿಸಿಯಾಯಿತು, ತುಟಿ ಸೀಳಿತು. ಇಬ್ಬರು ನನ್ನ ಸೊಂಟದ ಬೆಲ್ಟು ಹಿಡಿದು ತಿರುವಿಹಾಕಲು ನೋಡಿದರು, ಆಗಲಿಲ್ಲ. ನನಗೆ ಹುಚ್ಚು ಸಿಟ್ಟು. ಒಂದು ಕೈ ಬಿಡಿಸಿಕೊಂಡು ಒಂದು ಕಾಲು ಎಳೆದರೆ ಸಾಕು ಒಬ್ಬನ ಮಂಡಿ ಮುರಿಯುತ್ತದೆ ಎಂದು ಗೊತ್ತಿತ್ತು. ಕೈ ಹೊರಡುತ್ತಿತ್ತು. ಆಗ ನಾನು ಪ್ರಾರ್ಥಿಸಿದೆ. ಏಟು ನಿಲ್ಲಿಸು ಎಂದಲ್ಲ. ನನ್ನ ಕೈ ಹಿಡಿದುಕೋ ತಂದೆ, ನನ್ನ ಕೈಲಿ ಆಗುವುದಿಲ್ಲ, ನೀನು ಹಿಡಿದುಕೋ ಎಂದು. ಜೀವಮಾನದಲ್ಲಿ ನಾನು ಮನಸಾರೆ ಮಾಡಿದ ಮೊದಲ ಪ್ರಾರ್ಥನೆ ಅದು.

ನನ್ನ ಎರಡು ಮಣಿಕಟ್ಟುಗಳನ್ನೂ ಯಾರೋ ಗಟ್ಟಿಯಾಗಿ ಹಿಡಿದರು.

ಬಿಡಿಸಿಕೊಳ್ಳಲು ಆಗದಷ್ಟು ಗಟ್ಟಿ. ಕೈ ನಿಂತಿತು. ಮೈಯ ಸಿಟ್ಟೆಲ್ಲ ಗಂಟಲಿಗೆ ಬಂದು ನಾನು ಮಣ್ಣಿಗೆ ಮುಖ ಕೊಟ್ಟೇ ಕೂಗಿದೆ: “ಹೊಡೀರಿ, ನನಗ ಹೊಡೀರಿ! ನಾನೂ ನಿಮ್ಮಂಥಾ ಓಣಿಯಾವನ! ನಮ್ಮಪ್ಪಗ ಈಗೂ ಕಾಗದದ ಕಪ್ಪಿನ್ಯಾಗ ಚಾ ಕೊಡ್ತಾರ! ಈ ಹುಡುಗಗ ಚಾ ಆಗಂಗಿಲ್ಲ, ನೀವು ಆಗೂದಿಲ್ಲಂತ ಅಲ್ಲ!” ಒಳಗಿನಿಂದ ಗವಂಡಿಯ ಹೆಂಡತಿ ಕೂಸನ್ನು ಎದೆಗವಚಿಕೊಂಡು ಓಡಿ ಬಂದಳು. “ನಮ್ಮ ಚರಗಿ ಕಚ್ಚಿ ನೀರು ಕುಡುದಾರ ಅವ್ರು! ಯಾರಿಗಿ ಹೊಡಿಲಾಕತ್ತೀರಿ ಅಣ್ಣಾ?” ಎಂದು ತನ್ನ ಅಣ್ಣನ ಎದೆಗೆ ಒಂದು ಕೈಯಿಂದಲೇ ಗುದ್ದಿದಳು. ಸಲಿಕೆ ನೆಲಕ್ಕೆ ಬಿದ್ದ ಸದ್ದು ಕೇಳಿತು.

ನಾನು ಮೆಲ್ಲಗೆ ಪಕ್ಕಕ್ಕೆ ಸರಿದೆ. ಮಣಿಕಟ್ಟುಗಳು ಇನ್ನೂ ಹಿಡಿತದಲ್ಲಿದ್ದವು. ನೋಡಿದರೆ ಅಡಿಯಲ್ಲಿದ್ದ ಹುಡುಗನೇ ಎರಡು ಕೈಯಿಂದ ನನ್ನನ್ನು ಹಿಡಿದಿದ್ದ, ಬೆರಳು ಬೆಳ್ಳಗಾಗಿದ್ದವು. ಭಯಕ್ಕೆ ಹಿಡಿದೆಯೋ ನನ್ನನ್ನು ತಡೆಯಲು ಹಿಡಿದೆಯೋ ಎಂದು ಆಮೇಲೆ ಎಷ್ಟೋ ಸಲ ಕೇಳಿದ್ದೇನೆ. ತನಗೂ ಗೊತ್ತಿಲ್ಲ ಎನ್ನುತ್ತಾನೆ. ನಾನು ಅದನ್ನು ಉತ್ತರವೆಂದೇ ಇಟ್ಟುಕೊಂಡಿದ್ದೇನೆ. ಕೇಳಿದ್ದು ಕೈ ಹಿಡಿ ಎಂದು, ಯಾರ ಕೈಯಿಂದ ಎಂದು ನಾನು ಹೇಳಿರಲಿಲ್ಲ.

ಅವನು ಮೂಗು ಒತ್ತಿಕೊಂಡು ಏನಾಯಿತೆಂದು ಕೇಳಿದ. ಬಸಿ, ಕರವಸ್ತ್ರ, ಕಾಗದದ ಕಪ್ಪು, ಎಲ್ಲವನ್ನೂ ಹಿಂದಿಯಲ್ಲಿ ಹೇಳಿದೆ. ಅವನು ಎದ್ದು ಕುಂಟುತ್ತ ಮುದುಕನ ಮುಂದೆ ಹೋಗಿ ಕುಕ್ಕರಗಾಲಲ್ಲಿ ಕೂತ. ಮಣ್ಣಿನಲ್ಲಿ ಬಿದ್ದಿದ್ದ ಬಸಿಯನ್ನು ಎತ್ತಿ, ಎರಡು ಕೈಯಲ್ಲಿ ಚಾಚಿ, “ಪಾನಿ” ಅಂದ. ಮುದುಕನೇ ತಂಬಿಗೆಯಿಂದ ನೀರು ಸುರಿದ. ಬಸಿಯ ಅಂಚಿನಲ್ಲಿ ಚಹಾದ ಬಣ್ಣ ಇನ್ನೂ ಇತ್ತು, ನೀರು ಕೆಂಪಗಾಯಿತು. ನಿಯಮದ ಹುಡುಗ ಅದನ್ನು ನೋಡಿದ, ನೋಡಿಯೂ ಪೂರ್ತಿ ಕುಡಿದ. ಬಾಯಿ ಒರೆಸಿಕೊಳ್ಳಲಿಲ್ಲ. ಮುದುಕನ ಮಗ ಗೋಡೆಗೆ ಮುಖ ಮಾಡಿ ನಿಂತು ಬಿಕ್ಕುತ್ತಿದ್ದ. ಅಷ್ಟರಲ್ಲಿ ಗವಂಡಿ ತಲೆಯ ಮೇಲೆ ಕುರ್ಚಿ ಹೊತ್ತು ಬಂದು, ನಮ್ಮ ಅವತಾರ ಕಂಡು, ಅಲ್ಲೇ ಕುಸಿದು ಕೂತರು.

ಆ ವಾರ ಫೋನಿನಲ್ಲಿ ಮುಖ ಕಾಣದಂತೆ ಮಾತಾಡೋಣವೆಂದುಕೊಂಡೆ. ಅವ್ವ ಬಿಡಲಿಲ್ಲ. ಪರದೆಯಲ್ಲಿ ನನ್ನ ತುಟಿ, ಕಿವಿ ನೋಡಿ ಅವಳ ಮುಖದ ಬಣ್ಣವೇ ಇಳಿಯಿತು.

“ಯಾರನ್ನ ಹೊಡದಿ?” ಅಂದಳು.

“ಯಾರನ್ನೂ ಇಲ್ಲವ್ವಾ. ಹೊಡಿಸಿಕೊಂಡೆ.”

ನಡೆದದ್ದನ್ನು ಹೇಳಿದೆ. ಅವ್ವ ಬಾಯಿಗೆ ಸೆರಗು ಹಿಡಿದು ಅಳುತ್ತಿದ್ದಂತೆ ಫೋನು ಅವಳ ಕೈಯಿಂದ ಹೊರಟಿತು. ಗೋಡೆ ಕಂಡಿತು, ತಗಡು ಕಂಡಿತು, ಆಮೇಲೆ ಅಪ್ಪನ ಮುಖ. ಮನೆ ಬಿಟ್ಟ ಮೇಲೆ ಆ ಮುಖ ನೋಡಿದ್ದು ಅದೇ ಮೊದಲು.

“ಎಷ್ಟ ಮಂದಿ ಇದ್ರು?”

“ಏಳೆಂಟು ಮಂದಿ ಇರಬೇಕಪ್ಪಾ.”

“ಅಂಗಾತ ಮಾಡಿದ್ರೇನು?”

“ಇಲ್ಲಪ್ಪಾ. ಯಾರ ಕೈಲೂ ಆಗಲಿಲ್ಲ.”

ಅಪ್ಪ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದ. “ಕೆಳಗಿದ್ದ ಹುಡುಗ?” ಎಂದು ಕೇಳಿದ. ನಾನು ಫೋನನ್ನು ಜೊತೆಗಾರನ ಕಡೆ ತಿರುಗಿಸಿದೆ. ಅವನು ಬಾತ ಮೂಗಿನಲ್ಲೇ ನಕ್ಕು, ಏನೂ ತಿಳಿಯದೆ, ಎರಡು ಕೈ ಎತ್ತಿ ಮುಗಿದ.

“ಭಾಳ ಬಡಕ ಅದಾನಲೇ,” ಅಂದ ಅಪ್ಪ. “ಚಂದಂಗ ಉಣ್ಣಾಕ ಹಾಕು ಅವಗ.”